ಇನ್ನೂರು ಕುದುರೆ, ವಂಡ್ಸೆ ದಾರಿ

ಕುಂದಾಪುರದಿಂದ ಕೊಲ್ಲೂರಿಗೆ ಹೋಗುವ ದಾರಿಯ ವಂಡ್ಸೆ ಪೇಟೆಯಲ್ಲಿ ದೊಡ್ಡ ಬೈಕೊಂದು ನಿಂತರೆ ಎರಡು ನಿಮಿಷದೊಳಗೆ ಅದರ ಸುತ್ತ ನಾಲ್ಕು ಜನ ಸೇರುತ್ತಾರೆ. ಕೊಲ್ಲೂರಿಗೆ ಹೊರಟ ಕೇರಳದ ಹುಡುಗರೋ, ಬೆಂಗಳೂರಿನಿಂದ ವಾರದ ಕೊನೆಗೆ ಘಟ್ಟ ಇಳಿದು ಬಂದವರೋ ಚಾ ಕುಡಿಯಲು ಇಲ್ಲಿ ಗಾಡಿ ನಿಲ್ಲಿಸುವುದುಂಟು. ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಹ್ವಾಯ್, ಇದ್ ಎಷ್ಟ್ ಹೋತ್ತ್?" ಎರಡನೆಯದೂ ಅಷ್ಟೇ ಖಾತ್ರಿ: "ಮೈಲೇಜ್ ಎಷ್ಟ್ ಕೊಡತ್ತ್?" ಸವಾರ ಮೊದಲನೆಯದಕ್ಕೆ ಎದೆಯುಬ್ಬಿಸಿ ಉತ್ತರ ಕೊಡುತ್ತಾನೆ, ಎರಡನೆಯದಕ್ಕೆ ಚಾ ಗ್ಲಾಸಿನ ಕಡೆ ನೋಡುತ್ತಾನೆ.

ಈ ಅಂಕಣಕಾರನಿಗೆ ಬರುವ ಪ್ರಶ್ನೆಗಳೂ ಇದಕ್ಕಿಂತ ಬೇರೆಯಲ್ಲ. ಆರ್‌ಸಿ 390 ಮುಂದೋ ಅಪಾಚೆ ಆರ್‌ಆರ್ 310 ಮುಂದೋ? ಹಯಬುಸಾ ಹೆಚ್ಚೋ ನಿಂಜಾ ಝಡ್‌ಎಕ್ಸ್-10ಆರ್ ಹೆಚ್ಚೋ? ಕೇಳುವವರು ಮರೆಯದೆ ಒಂದು ಷರತ್ತು ಸೇರಿಸುತ್ತಾರೆ: "ಸ್ಟಾಕ್ ಗಾಡಿ ಮಾತ್ರ ಲೆಕ್ಕಕ್ಕೆ ಹಿಡಿಯಿರಿ." ಷರತ್ತು ಒಳ್ಳೆಯದೇ. ಸೈಲೆನ್ಸರ್ ಬದಲಿಸಿ, ಏರ್ ಫಿಲ್ಟರ್ ಕಿತ್ತು, ಇಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ತುಂಬಿಸಿದ ಮೇಲೆ ಯಾವ ಗಾಡಿಯನ್ನೂ ಯಾವುದರ ಜತೆಗೂ ತೂಗಲಾಗದು. ಅದರಲ್ಲೂ ಬರೀ ಸೈಲೆನ್ಸರ್ ಬದಲಿಸಿದವರಿಗೆ ಸಿಗುವುದು ಬಹುಪಾಲು ಸದ್ದು. ಸದ್ದು ಹೆಚ್ಚಾದರೆ ವೇಗವೂ ಹೆಚ್ಚಾದಂತೆ ಕಿವಿ ನಂಬುತ್ತದೆ, ಸ್ಟಾಪ್‌ವಾಚ್ ನಂಬುವುದಿಲ್ಲ.

ಹಾಗಾದರೆ ಶೋರೂಮಿನಿಂದ ಹೊರಬಂದ ಹಾಗೇ ಇರುವ ಗಾಡಿಗಳನ್ನೇ ಇಟ್ಟುಕೊಳ್ಳೋಣ. ಸುಜುಕಿಯ 2021ರ ಹಯಬುಸಾ 1340 ಸಿಸಿ. 190 ಪಿಎಸ್, ಅಂದರೆ ಅಷ್ಟು ಕುದುರೆಯ ಶಕ್ತಿ, ಪೆಟ್ರೋಲ್ ತುಂಬಿಸಿದರೆ 266 ಕಿಲೋ. ಅದೇ ವರ್ಷದ ಝಡ್‌ಎಕ್ಸ್-10ಆರ್ 998 ಸಿಸಿ. 203 ಪಿಎಸ್, 207 ಕಿಲೋ. ಕೆಟಿಎಂ ಆರ್‌ಸಿ 390ಕ್ಕೆ 43.5 ಪಿಎಸ್, ತೂಕ 172 ಕಿಲೋ. 2017ರ ಡಿಸೆಂಬರಿನಲ್ಲಿ ಹೊಸೂರಿನ ಕಾರ್ಖಾನೆಯಿಂದ ಹೊರಬಂದ ಟಿವಿಎಸ್ ಆರ್‌ಆರ್ 310ಕ್ಕೆ ಆಗ 34 ಪಿಎಸ್, 169.5 ಕಿಲೋ. ಇವುಗಳ ಮೇಲೆ 75 ಕಿಲೋದ ಸವಾರನನ್ನು ಕೂರಿಸಿ ಟನ್ನಿಗೆ ಎಷ್ಟು ಕುದುರೆ ಎಂದು ಭಾಗಿಸಿದರೆ ಝಡ್‌ಎಕ್ಸ್-10ಆರ್‌ಗೆ ಸುಮಾರು 720, ಹಯಬುಸಾಗೆ 557, ಆರ್‌ಸಿಗೆ 176, ಆರ್‌ಆರ್‌ಗೆ 139 ಬರುತ್ತದೆ. ಕಾಗದದ ಮೇಲೆ ಪಂದ್ಯ ಮುಗಿಯಿತು. ಝಡ್‌ಎಕ್ಸ್-10ಆರ್ ಆರ್‌ಸಿಗಿಂತ ನಾಲ್ಕು ಪಟ್ಟು ಮುಂದೆ.

ರಸ್ತೆಯ ಮೇಲೆ ಮಾತ್ರ ಆ ನಾಲ್ಕು ಪಟ್ಟು ಕಾಣಿಸುವುದೇ ಇಲ್ಲ. ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು ಇನ್ನೂರು ಕುದುರೆಯ ಬೈಕಿಗೂ ಸುಮಾರು ಮೂರು ಸೆಕೆಂಡು ಬೇಕು. ಕುದುರೆ ಇನ್ನೂರೈವತ್ತು ಆದರೂ ಅದು ಒಂದೂವರೆಗೆ ಇಳಿಯುವುದಿಲ್ಲ. ಕಾರಣ ಇಂಜಿನ್ನಿನಲ್ಲಿಲ್ಲ, ಬೈಕಿನ ಆಕಾರದಲ್ಲಿದೆ. ಬೈಕು ಮತ್ತು ಸವಾರನ ಒಟ್ಟು ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ, ಹಿಂದಿನ ಗಾಲಿಯಿಂದ ಹೆಚ್ಚುಕಡಿಮೆ ಅಷ್ಟೇ ಮುಂದೆಯೂ ಇದೆ. ಹಾಗಾಗಿ ಹಿಂದಿನ ಗಾಲಿ ಗಾಡಿಯ ತೂಕಕ್ಕೆ ಸಮನಾದ ಬಲದಲ್ಲಿ ತಳ್ಳಿತೆಂದರೆ ಮುಂದಿನ ಗಾಲಿ ನೆಲ ಬಿಡುತ್ತದೆ. ಅದಕ್ಕಿಂತ ಹೆಚ್ಚು ತಳ್ಳಿದರೆ ಗಾಡಿ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಮಗುಚುತ್ತದೆ. ಅದನ್ನು ತಡೆಯಲೆಂದೇ ಈಗಿನ ದೊಡ್ಡ ಬೈಕುಗಳಲ್ಲಿ ಕಂಪ್ಯೂಟರ್ ಕೂತು ಕೆಳಗಿನ ಗೇರುಗಳಲ್ಲಿ ಶಕ್ತಿಯನ್ನು ಕತ್ತರಿಸುತ್ತಿರುತ್ತದೆ. ಸರಳವಾಗಿ ಲೆಕ್ಕ ಹಾಕಿದರೆ, ಹಯಬುಸಾದಂಥ ಗಾಡಿಗೆ ತನ್ನ ಅಷ್ಟೂ ಕುದುರೆಗಳನ್ನು ನೆಲಕ್ಕಿಳಿಸಲು ಗಂಟೆಗೆ ಸುಮಾರು 150 ಕಿ.ಮೀ. ವೇಗವಾದರೂ ಬೇಕು. ಅದಕ್ಕಿಂತ ಕೆಳಗೆ ಕುದುರೆಗಳಲ್ಲಿ ಒಂದು ಪಾಲು ಲಾಯದಲ್ಲೇ ಉಳಿಯುತ್ತದೆ. ಆರ್‌ಸಿ 390ಕ್ಕೆ ಈ ಗೆರೆ ಇರುವುದು 45 ಕಿ.ಮೀ. ಆಸುಪಾಸಿನಲ್ಲಿ. ಅಂದರೆ ಹೆಮ್ಮಾಡಿಯಲ್ಲಿ ಕೊಲ್ಲೂರು ದಾರಿಗೆ ತಿರುಗಿ ಎರಡನೇ ಗೇರ್ ಹಾಕುವ ಹೊತ್ತಿಗೆ 390ರ ಸವಾರ ಕೊಟ್ಟ ದುಡ್ಡಿನ ಪೂರ್ತಿ ಶಕ್ತಿಯನ್ನು ಬಳಸುತ್ತಿರುತ್ತಾನೆ. ಅದರ ಹಲವು ಪಟ್ಟು ದುಡ್ಡು ಕೊಟ್ಟವನ ಸರದಿ ಆ ರಸ್ತೆಯಲ್ಲಿ ಬರುವುದೇ ಇಲ್ಲ.

ಇದು ಬರೀ ಲೆಕ್ಕದ ಮಾತಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಗೆಳೆಯನೊಬ್ಬ ಒಂದು ದೀಪಾವಳಿಗೆ ತನ್ನ ಸಾವಿರ ಸಿಸಿಯ ನಾಲ್ಕು ಸಿಲಿಂಡರ್ ಬೈಕಿನಲ್ಲೇ ಊರಿಗೆ ಬಂದಿದ್ದ. ಕುಂದಾಪುರದಿಂದ ಕೊಲ್ಲೂರಿಗೆ ಹೋಗಿ ಬರೋಣ ಎಂದು ಕೀಲಿ ಅಂಕಣಕಾರನ ಕೈಗಿಟ್ಟ. ತಾನು ಅಣ್ಣನ ಹಳೇ 150 ಸಿಸಿ ಗಾಡಿ ಹತ್ತಿದ. ಹೆದ್ದಾರಿಯಲ್ಲಿ ಆ ಬೈಕು ಬೆಣ್ಣೆಯಂತೆ ಓಡಿತು. ಹೆಮ್ಮಾಡಿಯಲ್ಲಿ ಬಲಕ್ಕೆ ತಿರುಗಿದ ಮೇಲೆ ಕಥೆಯೇ ಬೇರೆ. ಮೊದಲ ಗೇರೊಂದರಲ್ಲೇ 120 ದಾಟುವ ಗಾಡಿಗೆ ಆ ದಾರಿಯಲ್ಲಿ ಎರಡನೇ ಗೇರೇ ಹೆಚ್ಚು. ನೆಂಪು ಬರುವಷ್ಟರಲ್ಲಿ ತೊಡೆಯ ಒಳಭಾಗ ಕಾವಲಿಗೆ ತಾಗಿದಂತಾಗಿತ್ತು. ವಂಡ್ಸೆಯಲ್ಲಿ ಬಸ್ಸಿನ ಹಿಂದೆ ನಿಂತಾಗ ರೇಡಿಯೇಟರ್ ಫ್ಯಾನ್ ತಿರುಗಿ ಬಿಸಿಗಾಳಿಯನ್ನೆಲ್ಲ ಮೊಣಕಾಲಿಗೆ ತಂದು ಸುರಿಯಿತು. "ಎಂಥ ಸಾವ್ ಮಾರಾಯಾ" ಎಂಬ ಮಾತು ಹೆಲ್ಮೆಟ್ಟಿನೊಳಗೇ ಉಳಿಯಿತು. ಮುಂದೆ ಚಿತ್ತೂರಿನ ಕಡೆಯ ತಿರುವುಗಳಲ್ಲಿ ಕನ್ನಡಿ ನೋಡಿದಾಗೆಲ್ಲ 150 ಸಿಸಿ ಹಿಂದೆಯೇ ಇತ್ತು. ಗೆಳೆಯ ಒಂದು ಕೈಯಲ್ಲಿ ಮೂಗು ತುರಿಸಿಕೊಳ್ಳುತ್ತಾ ಆರಾಮಾಗಿ ಬರುತ್ತಿದ್ದ.

ಇಲ್ಲಿ ಕೆಲಸಕ್ಕೆ ಬರುವುದು ಬೇರೆಯೇ ಒಂದು ಲೆಕ್ಕ. ಮುಂದಿರುವ ಪಿಕಪ್ಪನ್ನು ಹಿಂದಿಕ್ಕಲು ಜಾಗ ಸಿಕ್ಕಿತು ಎನ್ನೋಣ. ಮೂರನೇ ಗೇರಿನಲ್ಲಿ 40ರಿಂದ 60ಕ್ಕೆ ಗಾಡಿ ಎಷ್ಟು ಬೇಗ ಏರುತ್ತದೆ? ಇದನ್ನು ಬೈಕ್ ಪತ್ರಿಕೆಗಳು ರೋಲ್-ಆನ್ ಎನ್ನುತ್ತವೆ. ಇಲ್ಲಿ ಎಣಿಕೆಗೆ ಬರುವುದು ಗರಿಷ್ಠ ಶಕ್ತಿಯಲ್ಲ, ಇಂಜಿನ್ ನಿಧಾನಕ್ಕೆ ತಿರುಗುತ್ತಿರುವಾಗ ಸಿಗುವ ಎಳೆತ. ಝಡ್‌ಎಕ್ಸ್-10ಆರ್ ತನ್ನ ಗರಿಷ್ಠ ಎಳೆತ ಕೊಡುವುದು ನಿಮಿಷಕ್ಕೆ 11,400 ಸುತ್ತಿನಲ್ಲಿ. ಕೊಲ್ಲೂರು ದಾರಿಯಲ್ಲಿ ಅಷ್ಟು ಸುತ್ತು ತಿರುಗಿಸಿದರೆ ಪೊಲೀಸರೂ ಬರುತ್ತಾರೆ, ಆಂಬುಲೆನ್ಸೂ ಬರುತ್ತದೆ. 47 ಪಿಎಸ್ಸಿನ ರಾಯಲ್ ಎನ್‌ಫೀಲ್ಡ್ 650 ಅವಳಿ ಸಿಲಿಂಡರ್ ಇಂಜಿನ್ ತನ್ನ ಎಳೆತದ 80 ಶೇಕಡಾವನ್ನು 2,500 ಸುತ್ತಿನಲ್ಲೇ ಕೊಡುತ್ತದೆ ಎಂದು ಕಂಪನಿ ಹೇಳುತ್ತದೆ. ಹಾಗಾಗಿ ನಿತ್ಯದ ಓಡಾಟದಲ್ಲಿ ಅದರ ಸವಾರನಿಗೆ ಗೇರ್ ಹುಡುಕುವ ತಾಪತ್ರಯ ಕಡಿಮೆ.

ಈ ಸತ್ಯ ಕಂಪನಿಗಳಿಗೂ ಗೊತ್ತು. ಹಯಬುಸಾದ ಕಥೆಯನ್ನೇ ನೋಡಿ. 1999ರಲ್ಲಿ ಬಂದ ಮೊದಲ ಪೀಳಿಗೆ 300ರ ಗೆರೆಯನ್ನು ದಾಟಿ ಜಗತ್ತನ್ನು ಬೆಚ್ಚಿಬೀಳಿಸಿತು. ಆಗ ಹೋಂಡಾದ ಸೂಪರ್ ಬ್ಲ್ಯಾಕ್‌ಬರ್ಡ್ ವೇಗದ ರಾಜ. ಕರಿಹಕ್ಕಿಗಳನ್ನು ಬೇಟೆಯಾಡುವ ಗಿಡುಗದ ಜಪಾನಿ ಹೆಸರನ್ನು ಸುಜುಕಿ ಬೇಕೆಂದೇ ಇಟ್ಟಿತು. ಯುರೋಪಿನಲ್ಲಿ ಸರ್ಕಾರಗಳು ನಿಷೇಧ ಹೇರಬಹುದೆಂಬ ಭಯ ಹುಟ್ಟಿದ್ದೇ ತಡ, ಕಂಪನಿಗಳು ತಮ್ಮತಮ್ಮಲ್ಲೇ 299ಕ್ಕೆ ಲಗಾಮು ಹಾಕಿಕೊಂಡವು. 2008ರ ಎರಡನೇ ಪೀಳಿಗೆಗೆ 197 ಪಿಎಸ್ ಇತ್ತು. 2021ರ ಮೂರನೆಯದರಲ್ಲಿ ಅದು 190ಕ್ಕೆ ಇಳಿಯಿತು. ಅಭಿಮಾನಿಗಳು ಮುಖ ಸಿಂಡರಿಸಿದರು. ಸುಜುಕಿ ಮಾತ್ರ ಮಧ್ಯದ ಸುತ್ತುಗಳಲ್ಲಿ ಎಳೆತ ಹೆಚ್ಚಿಸಿದ್ದೇವೆ, ಹಿಂದಿನದಕ್ಕಿಂತ ಇದು ಚುರುಕಾಗಿ ಹೊರಡುತ್ತದೆ ಎಂದಿತು. ಮೇಲಿನ ತುದಿಯ ಏಳು ಕುದುರೆಗಳನ್ನು ಬಿಟ್ಟುಕೊಟ್ಟು ನಡುವಿನ ಬಲ ಕೊಂಡ ವ್ಯಾಪಾರ ಅದು.

ಇನ್ನು ಆ ಮುನ್ನೂರರ ಮಾತು. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಸಾಮಾನ್ಯ ಗಾತ್ರದ ಸವಾರ ಬಾಗಿ ಕೂತಿದ್ದಾನೆ ಎಂದು ಇಟ್ಟುಕೊಂಡು ಟಯರಿನ ಘರ್ಷಣೆಯನ್ನೂ ಸೇರಿಸಿದರೆ, 100ರಲ್ಲಿ ಓಡಲು ಗಾಲಿಯ ಬಳಿ ಎಂಟೊಂಬತ್ತು ಕುದುರೆ ಸಾಕು. 200ಕ್ಕೆ ಸುಮಾರು 55 ಬೇಕು. 300ಕ್ಕೆ 180ರ ಹತ್ತಿರ. ಹನ್ನೊಂದು ಕುದುರೆಯ ಯಮಹಾ ಆರ್‌ಎಕ್ಸ್ 100 ನೂರರ ಆಸುಪಾಸಿನಲ್ಲಿ ಏದುಸಿರು ಬಿಡುತ್ತಿದ್ದುದಕ್ಕೂ, ಒಂದು ಲೀಟರಿನ ಸೂಪರ್‌ಬೈಕುಗಳು ಕೊನೆಯ ಇಪ್ಪತ್ತು ಕಿ.ಮೀ.ಗಾಗಿ ಕೋಟಿಗಟ್ಟಲೆ ಸಂಶೋಧನೆ ನುಂಗುವುದಕ್ಕೂ ಇದೇ ಕಾರಣ. ಆರ್‌ಎಕ್ಸ್ ನೆನಪಾದ್ದರಿಂದ ಒಂದು ಮಾತು. 1985ರಿಂದ 1996ರವರೆಗೆ ಬಂದ ಆ ಗಾಡಿಯ ತೂಕ ನೂರು ಕಿಲೋದ ಆಚೀಚೆ. ಕರಾವಳಿಯ ಹುಡುಗರು ಇವತ್ತಿಗೂ ಅದಕ್ಕಾಗಿ ಜೀವ ಬಿಡುವುದು ಅದರ ಗರಿಷ್ಠ ವೇಗಕ್ಕಲ್ಲ, ಆಕ್ಸಿಲರೇಟರ್ ತಿರುಗಿಸಿದಾಕ್ಷಣ ಬುಡದಲ್ಲಿ ಯಾರೋ ದೂಡಿದಂತಾಗುವ ಆ ಮೊದಲ ಐವತ್ತು ಮೀಟರಿಗೆ. ಅದಕ್ಕಿಂತ ಎರಡು ವರ್ಷ ಮೊದಲೇ ಬಂದ ರಾಜ್‌ದೂತ್ 350ರಲ್ಲಿ 30.5 ಕುದುರೆ ಇತ್ತು. ಅದರ ಜಪಾನಿ ಮೂಲ ಆರ್‌ಡಿ 350ರಲ್ಲಿದ್ದುದು 39. ಪೆಟ್ರೋಲ್ ಉಳಿತಾಯಕ್ಕೆಂದು ಇಲ್ಲಿ ಕಡಿತ ಮಾಡಿದ್ದರು. ಆ ಮೇಲೂ ಪೆಟ್ರೋಲ್ ಕುಡಿಯುತ್ತದೆ ಎಂಬ ದೂರಿನಲ್ಲೇ ಅದರ ಆಯುಸ್ಸು ಮುಗಿಯಿತು. "ಮೈಲೇಜ್ ಎಷ್ಟ್ ಕೊಡತ್ತ್?" ಎಂಬ ಪ್ರಶ್ನೆಗೆ ಇಂಥ ಇತಿಹಾಸವೂ ಇದೆ.

ಮೊಬೈಲಿನಲ್ಲಿ ಓಡಾಡುವ ಸ್ಪೀಡೋಮೀಟರ್ ವೀಡಿಯೋಗಳನ್ನು ಸಾಕ್ಷಿಯೆಂದು ತರುವವರಿಗೆ ಒಂದು ಗುಟ್ಟು ಗೊತ್ತಿರಲಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಬಹುದು, ನಿಜವೇಗದ ಹತ್ತು ಶೇಕಡಾ ಮತ್ತು ಅದರ ಮೇಲೆ 4 ಕಿ.ಮೀ.ವರೆಗೆ. ಯಾವ ಕಂಪನಿಯೂ ಕಡಿಮೆ ತೋರಿಸುವ ತಪ್ಪಿಗೆ ಸಿಕ್ಕಿಬೀಳಲು ಬಯಸದ ಕಾರಣ ಎಲ್ಲವೂ ತುಸು ಮೇಲಕ್ಕೇ ವಾಲುತ್ತವೆ. ಪರದೆಯ ಮೇಲೆ 170 ಕಂಡರೆ ಜಿಪಿಎಸ್ ಲೆಕ್ಕದಲ್ಲಿ ಅದು 160 ಇರಬಹುದು. ಹೀಗಾಗಿಯೇ ಪತ್ರಿಕೆಗಳವರು ಪರೀಕ್ಷೆಗೆ ಉಪಗ್ರಹ ಆಧರಿಸಿದ ವಿಬಾಕ್ಸ್ ಎಂಬ ಸಾಧನ ಕಟ್ಟಿಕೊಂಡು ಹೋಗುತ್ತಾರೆ. ಕಂಪನಿ ಹೇಳುವ ಪಿಎಸ್ ಕೂಡ ಇಂಜಿನ್ನಿನ ಬಾಯಲ್ಲಿ ಅಳೆದದ್ದು. ಗೇರು, ಚೈನು ದಾಟಿ ಹಿಂದಿನ ಗಾಲಿಗೆ ತಲುಪುವಷ್ಟರಲ್ಲಿ ಹತ್ತು ಹದಿನೈದು ಶೇಕಡಾ ಸವೆದಿರುತ್ತದೆ.

ಊರಿನ ಎತ್ತರವೂ ಈ ಹೋಲಿಕೆಯಲ್ಲಿ ಕೈಯಾಡಿಸುತ್ತದೆ ಎಂದರೆ ಹಲವರು ನಂಬುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಕುಂದಾಪುರಕ್ಕಿಂತ ಸರಿಸುಮಾರು ಹತ್ತು ಶೇಕಡಾ ಕಡಿಮೆ. ಇಂಜಿನ್ನಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ, ಹಾಗಾಗಿ ಶಕ್ತಿಯೂ. ಅದೇ ಗಾಡಿ ಘಟ್ಟ ಇಳಿದು ಮರವಂತೆಗೆ ಬಂದಾಗ ತುಂಬಿದ ಎದೆಯಲ್ಲಿ ಉಸಿರಾಡುತ್ತದೆ. ಊರಿಗೆ ಬಂದಾಗ ಬೈಕು ಖುಷಿಯಾಗುತ್ತದೆ ಎಂದು ಗೆಳೆಯ ಹೇಳುತ್ತಿದ್ದುದರಲ್ಲಿ ಭಾವುಕತೆ ಅರ್ಧ, ವಿಜ್ಞಾನ ಅರ್ಧ. ಆದರೆ ಮೇ ತಿಂಗಳ ಸೆಕೆ, ತೇವ ಸೇರಿ ಆ ಲಾಭದಲ್ಲಿ ಒಂದಿಷ್ಟನ್ನು ವಾಪಸು ಕಿತ್ತುಕೊಳ್ಳುತ್ತವೆ.

ಉಸಿರಾಡುವ ರಗಳೆಯೇ ಇಲ್ಲದ ಗಾಡಿಯೊಂದು ಬೆಂಗಳೂರಿನಲ್ಲೇ ತಯಾರಾಗುತ್ತದೆ. 2022ರ ನವೆಂಬರಿನಲ್ಲಿ ಬಿಡುಗಡೆಯಾದ ಅಲ್ಟ್ರಾವಯಲೆಟ್ ಎಫ್77, ನಂತರ 2024ರಲ್ಲಿ ಮ್ಯಾಕ್ 2 ರೂಪದಲ್ಲಿ ಬಂತು. ಬ್ಯಾಟರಿಯದು, 10.3 ಕಿಲೋವ್ಯಾಟ್ ಅವರ್. ಮೋಟಾರಿಗೆ 40 ಕುದುರೆ, ಗರಿಷ್ಠ ವೇಗ 155, 60 ಮುಟ್ಟಲು 2.8 ಸೆಕೆಂಡು. ನಿಂತಲ್ಲಿಂದಲೇ ಪೂರ್ತಿ ಎಳೆತ ಸಿಗುವುದರಿಂದ ಊರೊಳಗಿನ ವೇಗದಲ್ಲಿ ಇದು ದೊಡ್ಡ ದೊಡ್ಡ ಗಾಡಿಗಳಿಗೆ ಸಾಟಿ. ಆದರೆ ಅದರ 323 ಕಿ.ಮೀ. ಓಟ ನಿಗದಿತ ಪರೀಕ್ಷಾ ಕ್ರಮದಲ್ಲಿ ಬಂದ ಅಂಕಿ. ಗಾಳಿಯ ಆ ಘನದ ಲೆಕ್ಕ ಇಲ್ಲಿ ಬ್ಯಾಟರಿಯ ಮೇಲೆ ಎರಗುತ್ತದೆ. ಹೆದ್ದಾರಿ ವೇಗದಲ್ಲಿ ಹೋದರೆ ಓಟ ಕುಗ್ಗಲೇಬೇಕು. ಬೆಂಗಳೂರಿನಿಂದ ಕುಂದಾಪುರಕ್ಕೆ 400 ಕಿ.ಮೀ. ಮೀರಿದ ದಾರಿ, ಅವಸರದ ಸವಾರನಿಗೆ ನಡುವೆ ಒಂದೆರಡು ಊಟದಷ್ಟು ಹೊತ್ತು ಚಾರ್ಜರ್ ಪಕ್ಕ ಕೂರುವ ತಾಳ್ಮೆ ಬೇಕು.

ಮಳೆಯನ್ನು ಬಿಟ್ಟು ಕರಾವಳಿಯಲ್ಲಿ ಬೈಕಿನ ಮಾತಾಡುವುದು ತೆಂಗಿನಕಾಯಿ ಬಿಟ್ಟು ಮೀನ್ ಸಾರು ಮಾಡಿದ ಹಾಗೆ. ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಸುರಿಯುವ ಜಿಲ್ಲೆ ಉಡುಪಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಡಾಂಬರಿನ ಮೇಲೆ ಗಾಡಿಗಳ ನಡುವಿನ ಅಂತರ ನಿರ್ಧರಿಸುವುದು ಟಯರು ಮತ್ತು ಬಲಗೈಯ ಸಂಯಮ. 2020ರಲ್ಲಿ ಆರ್‌ಆರ್ 310ಕ್ಕೆ ಟಿವಿಎಸ್ ನಾಲ್ಕು ಮೋಡ್ ಕೊಟ್ಟಿತು. ಅದರಲ್ಲಿ ರೈನ್ ಮೋಡ್ ಹಾಕಿದರೆ 34 ಕುದುರೆ 25.8ಕ್ಕೆ ಇಳಿಯುತ್ತದೆ. ಮೂವತ್ನಾಲ್ಕೇ ಇರುವ ಗಾಡಿಯಲ್ಲೂ ಮಳೆಗೆಂದು ಎಂಟನ್ನು ಕಟ್ಟಿಹಾಕಬೇಕು ಎಂದು ಅದನ್ನು ಕಟ್ಟಿದವರಿಗೇ ಅನ್ನಿಸಿದೆ. ಇನ್ನೂರರವನು ಎಷ್ಟು ಕಟ್ಟಿಹಾಕಬೇಕು ಎಂಬುದನ್ನು ಓದುಗರೇ ಎಣಿಸಲಿ.

ನಿಲ್ಲುವ ವಿಷಯದಲ್ಲಂತೂ ದುಡ್ಡಿಗೆ ಸಿಗುವ ಲಾಭ ಇನ್ನೂ ಕಡಿಮೆ. ಒಣ ರಸ್ತೆಯಲ್ಲಿ 60ರಲ್ಲಿ ಹೋಗುವವನು ಅಪಾಯ ಕಂಡು, ಒಂದು ಸೆಕೆಂಡಿನಲ್ಲಿ ಬ್ರೇಕ್ ಹಿಡಿದರೆ ಸುಮಾರು 34 ಮೀಟರಿನಲ್ಲಿ ನಿಲ್ಲುತ್ತಾನೆ. 100ರಲ್ಲಿದ್ದವನಿಗೆ 77 ಮೀಟರ್ ಬೇಕು. ಒದ್ದೆ ರಸ್ತೆಯಾದರೆ ನೂರು ದಾಟುತ್ತದೆ. ಈ ಲೆಕ್ಕದಲ್ಲಿ ಸಿಸಿಗೆ ಜಾಗವೇ ಇಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಎಲ್ಲ ಹೊಸ ಬೈಕಿಗೂ ಎಬಿಎಸ್ ಕಡ್ಡಾಯವಾದ ಮೇಲೆ, ಒಳ್ಳೆಯ ಟಯರಿನ ಸಣ್ಣ ಬೈಕು ಎರಡು ಪಟ್ಟು ದುಡ್ಡಿನದರ ಹತ್ತಿರ ಹತ್ತಿರವೇ ನಿಲ್ಲುತ್ತದೆ. ಕೊಲ್ಲೂರು ದಾರಿಯ ಹೆಚ್ಚಿನ ತಿರುವುಗಳಲ್ಲಿ 77 ಮೀಟರ್ ಮುಂದಿನದು ಕಣ್ಣಿಗೆ ಬೀಳುವುದೇ ಇಲ್ಲ. ಹಲಸಿನ ಮರ, ಅದರ ಹಿಂದೆ ಮನೆ, ಮನೆಯೆದುರು ದನ.

ಕಾನೂನಿನ ಅಂಕಿ ಬೇಕಾದವರಿಗೆ ಅದೂ ಇದೆ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಹೊರಡಿಸಿದ ಅಧಿಸೂಚನೆಯಂತೆ ವಿಭಜಕವಿರುವ ಚತುಷ್ಪಥದಲ್ಲಿ ಬೈಕಿಗೆ ಗರಿಷ್ಠ 80, ವಂಡ್ಸೆಯಂಥ ರಸ್ತೆಯಲ್ಲಿ 60 ಎಂದು ನಿಗದಿಯಾಗಿತ್ತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ, ಇನ್ನೂರು ಕುದುರೆಯದಿರಲಿ ನೂರು ಸಿಸಿಯದಿರಲಿ. ಪೂರ್ತಿ ಶಕ್ತಿ ನೋಡಬೇಕೆಂದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಅಥವಾ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಹೋಗಬೇಕು. ಅಲ್ಲಿ ದುಡ್ಡು ಕೊಟ್ಟು ಒಂದು ದಿನ ಓಡಿಸಿದವರು ಸಾಮಾನ್ಯವಾಗಿ ಊರಿಗೆ ಬಂದ ಮೇಲೆ ನಿಧಾನ ಹೋಗುತ್ತಾರೆ ಎಂಬುದು ಅಂಕಣಕಾರನ ಗಮನಕ್ಕೆ ಬಂದ ವಿಚಿತ್ರ.

ಉಡುಪಿಯವರಾದ ಕೆ.ಪಿ. ಅರವಿಂದ್ 2019ರಲ್ಲಿ ಡಕಾರ್ ರ‍್ಯಾಲಿಯನ್ನು 37ನೇ ಸ್ಥಾನದಲ್ಲಿ ಮುಗಿಸಿದಾಗ ಅವರ ಕೆಳಗಿದ್ದುದು 450 ಸಿಸಿ ಗಾಡಿ. ಅದಕ್ಕಿಂತ ದೊಡ್ಡದನ್ನು ತರಲು ಅಲ್ಲಿ ಬಿಡುವುದೂ ಇಲ್ಲ. ವೇಗ ಅಪಾಯದ ಮಟ್ಟ ಮುಟ್ಟಿದ್ದರಿಂದ 2011ರಿಂದ ಸಂಘಟಕರು ಬೈಕುಗಳಿಗೆ ಆ ಮಿತಿ ಹಾಕಿದ್ದಾರೆ. ಮರಳುಗಾಡಿನಂಥ ಬಯಲಿನಲ್ಲೇ 450 ಸಾಕು ಎಂದಾಯಿತು.

ಇಷ್ಟೆಲ್ಲ ಓದಿದ ಮೇಲೂ "ಅದೆಲ್ಲ ಇರ್ಲಿ, ಯಾವ್ದ್ ತೆಗಿಲಿ?" ಎಂದು ಕೇಳುವವರಿರುತ್ತಾರೆ. ಶೋರೂಮಿನ ಟೆಸ್ಟ್ ರೈಡಿನಲ್ಲಿ ಐದು ನಿಮಿಷ ಸುತ್ತಿ ತೀರ್ಮಾನಿಸಬೇಡಿ ಎಂಬುದಷ್ಟೇ ಅಂಕಣಕಾರನ ಸಲಹೆ. ಪರಿಚಯದವರ ಗಾಡಿ ಸಿಕ್ಕರೆ ಹೆಮ್ಮಾಡಿಯಿಂದ ಕೊಲ್ಲೂರಿನವರೆಗಿನ ಸುಮಾರು 30 ಕಿ.ಮೀ. ಒಮ್ಮೆ ಓಡಿಸಿ, ಸಾಧ್ಯವಾದರೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಮಧ್ಯಾಹ್ನದ ಬಿಸಿಲಿನಲ್ಲಿ. ಮೂರನೇ ಗೇರಿನಲ್ಲೇ ಎಷ್ಟು ದೂರ ಹೋಗಬಹುದು ನೋಡಿ. ಮಣಿಕಟ್ಟು ನೋಯುತ್ತದೆಯೇ, ಗುಂಡಿಗೆ ಬಿದ್ದಾಗ ಬೆನ್ನು ಏನೆನ್ನುತ್ತದೆ, ಬಿದ್ದು ಒಂದು ಫೇರಿಂಗ್ ಒಡೆದರೆ ಎಷ್ಟಾಗುತ್ತದೆ, ಟಯರ್ ಎಷ್ಟು ಸಾವಿರ ಕಿ.ಮೀ.ಗೆ ಸವೆಯುತ್ತದೆ, ಸರ್ವೀಸಿಗೆ ಮಂಗಳೂರೋ ಬೆಂಗಳೂರೋ, ಇವನ್ನೂ ವಿಚಾರಿಸಿ. ಅಂಕಣಕಾರನ ಮತ ಈ ದಾರಿಗಳಲ್ಲಿ ಮುನ್ನೂರರಿಂದ ಆರುನೂರೈವತ್ತು ಸಿಸಿಯ ನಡುವಿನ ಗಾಡಿಗಳ ಕಡೆಗೆ. ಲೀಟರ್ ಬೈಕು ಕೊಳ್ಳುವ ಆಸೆಯನ್ನು ಅವನು ಅಪಹಾಸ್ಯ ಮಾಡುವುದಿಲ್ಲ. ಕಪಾಟಿನಲ್ಲಿ ಒಡವೆ ಇಟ್ಟವರೆಲ್ಲ ಅದನ್ನು ದಿನಾ ಹಾಕಿಕೊಂಡು ಓಡಾಡುತ್ತಾರೆಯೇ?

ಆ ದೀಪಾವಳಿಯ ದಿನ ಕೊಲ್ಲೂರು ಪೇಟೆಯಲ್ಲಿ ಗಾಡಿ ನಿಲ್ಲಿಸಿದಾಗ ಗೆಳೆಯ ಬಗ್ಗಿ ತನ್ನ ಬೈಕಿನ ಪರದೆ ನೋಡಿದ. ಸರಾಸರಿ ವೇಗ 41, ಪೆಟ್ರೋಲು ಲೀಟರಿಗೆ 14. ಹೋಟೆಲಿನಲ್ಲಿ ನೀರುದೋಸೆ ಬರುವಷ್ಟರಲ್ಲಿ, ವಂಡ್ಸೆಯಲ್ಲೊಮ್ಮೆ ಜಡ್ಕಲ್ ಹತ್ತಿರ ಮತ್ತೊಮ್ಮೆ ಹಿಂದಿಕ್ಕಿದ್ದ ಅದೇ ಬಸ್ಸು ಬಂದು ನಿಂತಿತು. ಇಳಿದ ಪ್ರಯಾಣಿಕರಲ್ಲಿ ಒಬ್ಬರು ಬೈಕಿನ ಸುತ್ತ ಒಂದು ಸುತ್ತು ಬಂದು, ಹೋಟೆಲಿನೊಳಗೆ ಇಣುಕಿ ಕೇಳಿದರು: "ಹ್ವಾಯ್, ಇದ್ ಯಾರದ್ದ್? ಎಷ್ಟ್ ಹೋತ್ತ್?"